ಬಾವಿ ನೀರು ಒಲ್ಲದ ಗಿಡ

ಕೆಂಚಯ್ಯನ ಪರಿಚಯ ನನಗಾದದ್ದೇ ಜಗಳದಿಂದ. ಅದರಲ್ಲಿ ವಿಶೇಷವೇನೂ ಇಲ್ಲ, ಆ ಕಾಲದಲ್ಲಿ ಅರ್ಧ ಊರಿನ ಪರಿಚಯ ನನಗಾದದ್ದು ಹಾಗೆಯೇ. ಹೆತ್ತವರು ಶಾಂತಕುಮಾರಿ ಅಂತ ಹೆಸರಿಟ್ಟುಬಿಟ್ಟಿದ್ದರು. ತೊಟ್ಟಿಲಲ್ಲಿದ್ದ ಕೂಸಿನ ಬಾಯಿ ಮುಂದೆ ಹೇಗೆ ಬೆಳೆಯುತ್ತದೆ ಅಂತ ಅವರಿಗೇನು ಗೊತ್ತು, ಪಾಪ!

೧೯೫೯ರ ಮಾತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿಕೊಂಡು ಬಂದು ಹೊಳೆನರಸೀಪುರದಲ್ಲಿ ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದ್ದೆ. ನಮ್ಮ ತಂದೆ ಗಂಗಾಧರಯ್ಯನವರಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮಗಳು ಟೀಚರಾದಳು ಅಂತ ಅವರಿಗೆ ಹೆಮ್ಮೆ, ನನಗೆ ಅದಕ್ಕಿಂತ ಹತ್ತು ಪಾಲು ಹೆಚ್ಚು. ಹೂವಿನ ಭಾಗಗಳ ಪಾಠಕ್ಕೆ ಮೂವತ್ತು ದಾಸವಾಳ ಬೇಕಾಗಿತ್ತು. ಊರ ಹೊರಗೆ ಹೊಳೆಗೆ ಹೋಗುವ ದಾರಿಯಲ್ಲಿ ಸರಕಾರದ ಹಳೆಯ ಬಂಗಲೆಯೊಂದಿತ್ತು. ಸರ್ಕೀಟು ಬಂದ ಅಧಿಕಾರಿಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಅದರ ತೋಟದ ಮಾಲಿ ಕೆಂಚಯ್ಯ, ಹರದನಹಳ್ಳಿ ಕಡೆಯವನು. ಹೂವು ಕಳಿಸು ಅಂತ ಹೇಳಿಕಳಿಸಿದೆ. ಮಾರನೆಯ ದಿನ ಮಂಕರಿ ತುಂಬ ಹೊತ್ತು ತಂದ. ನೋಡಿದರೆ ಎಲ್ಲವೂ ಮುದ್ದೆ ದಾಸವಾಳ, ಒಂದರೊಳಗೊಂದು ಎಸಳು ತುರುಕಿಕೊಂಡಂಥವು.

"ಇದರಲ್ಲಿ ಕೇಸರ ಎಲ್ಲಿದೆ ತೋರಿಸು ನೋಡೋಣ!" ಅಂತ ಮಕ್ಕಳ ಎದುರಿಗೇ ರೇಗಿದೆ. "ಒಂದು ಸುತ್ತಿನ ದಾಸವಾಳ ತರಬೇಕು ಅನ್ನೋದೂ ತಿಳಿಯಲ್ವ?"

"ಎಣ್ಮಕ್ಕಳಿಗೆ ಅಂದ್ರಲ್ಲ ಅವ್ವಾರೇ, ಅದಕ್ಕೆ ಚೆಂದಾಗಿರಾವ್ನೇ ಆಯ್ದು ತಂದೆ," ಅಂದ ಅವನು. ಮುಖದಲ್ಲಿ ಒಂದಿಷ್ಟೂ ಕೋಪವಿಲ್ಲ.

ಮಾರನೆಯ ದಿನ ಒಂದು ಸುತ್ತಿನವು ಬಂದವು. ಹೂ ಕೊಟ್ಟವನು ಹೋಗಲಿಲ್ಲ, ಕಿಟಕಿಯ ಹೊರಗೆ ನಿಂತ. ಇವು ಎಸಳು, ಇವು ಕೇಸರ, ಇದು ಶಲಾಕೆ, ಕೇಸರ ಎಣಿಸಿದರೆ ಹೂವಿನ ಮನೆತನ ಗೊತ್ತಾಗುತ್ತದೆ ಅಂತ ನಾನು ಹೇಳುತ್ತಿದ್ದರೆ ಒಳಗಿನ ಮೂವತ್ತು ಹುಡುಗಿಯರು ಆಕಳಿಸುತ್ತಿದ್ದರು, ಹೊರಗಿನ ಮೂವತ್ತೈದರ ಗಂಡಸು ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ಅಂದಿನಿಂದ ಅವನಿಗೆ ಎಣಿಕೆಯ ಹುಚ್ಚು ಹಿಡಿಯಿತು. ಕೇಸರಕ್ಕೆ ಅವನು ಇಟ್ಟ ಹೆಸರು ಮೀಸೆ. ದಾರಿಯಲ್ಲಿ ಸಿಕ್ಕಿದಾಗಲೆಲ್ಲ ವರದಿ: "ಅವ್ವಾರೇ, ತುಂಬೆಗೆ ನಾಕು ಮೀಸೆ. ದತ್ತೂರಿಗೆ ಅಯ್ದು. ಸೀಬೆ ಊವಿಗೆ ಎಣಿಸಾಕೇ ಆಗಾಕಿಲ್ಲ ಕಣವ್ವ, ಬರೀ ಮೀಸೆನೇ!" ಓದು ಬಾರದ ಆ ಮನುಷ್ಯ ನನ್ನ ಅತ್ಯುತ್ತಮ ವಿದ್ಯಾರ್ಥಿ ಎಂದು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು. ಅಷ್ಟು ಜಂಭ ನನಗೆ.

ಕೆಂಚಯ್ಯ ಬಂಗಲೆಗೆ ಸೇರಿದ್ದು ೧೯೫೨ರಲ್ಲಿ, ದಿನಗೂಲಿಗೆ. ಹೆಂಡತಿ ಮಾದಮ್ಮನೂ ಅಲ್ಲೇ ಕಳೆ ತೆಗೆಯುವ ಕೆಲಸಕ್ಕೆ ಬರುತ್ತಿದ್ದಳು. ಅವನಿಗೆ ಬದುಕಿನಲ್ಲಿ ಒಂದೇ ಆಸೆ, ಖಾಯಂ ಆಗಬೇಕು. ಖಾಯಂ ಆದರೆ ಮಳೆ ಹಿಡಿದ ದಿನ 'ಇವತ್ತು ಕೆಲಸ ಇಲ್ಲ ಹೋಗು' ಅನ್ನುವವರಿಲ್ಲ. ಹಿತ್ತಿಲ ಶೆಡ್ಡು ಮನೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಹಿತ್ತಾಳೆ ಗುಂಡಿಯ ಖಾಕಿ ಕೋಟು ಬರುತ್ತದೆ. ಅವನ ಕಾಗದ ಬಂಗಲೆ ನೋಡಿಕೊಳ್ಳುವ ಓವರ್‌ಸಿಯರ್ ಈಶ್ವರಯ್ಯನವರ ಮೇಜಿನ ಖಾನೆಯಲ್ಲಿ ಮಲಗಿತ್ತು. ಅರಕಲಗೂಡಿನ ಈ ಈಶ್ವರಯ್ಯನವರು ಕೆಟ್ಟವರಲ್ಲ, ಬಣ್ಣದ ಹುಚ್ಚಿನವರು. ಬಂಗಲೆಯ ಮೂವತ್ತೆರಡು ಹೂಕುಂಡಗಳಿಗೂ ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ ಬಳಿದಿರಬೇಕು. ಯಾವನೇ ಅಧಿಕಾರಿ ಬರಲಿ, ಹಿಂದಿನ ದಿನ ಮತ್ತೊಂದು ಸಲ ಬಳಿಯಬೇಕು. ಗಿಡ ಬದುಕಿದೆಯೋ ಸತ್ತಿದೆಯೋ, ಅದು ಆಮೇಲಿನ ಮಾತು.

೧೯೬೦ರಲ್ಲಿ ಬಂಗಲೆಯಲ್ಲಿ ಆರು ತಿಂಗಳಿದ್ದ ಎಂಜಿನಿಯರೊಬ್ಬರಿಗೆ ವರ್ಗವಾಯಿತು. ಅವರ ಹೆಂಡತಿ ಊಟಿಯಲ್ಲಿ ಯಾರೋ ಕೊಟ್ಟ ಗೇಣುದ್ದದ ಗಿಡವೊಂದನ್ನು ಜೊತೆಗೆ ತಂದಿದ್ದರು. ಲಾರಿಯಲ್ಲಿ ಜಾಗವಿಲ್ಲದೆ ಅದನ್ನು ಕೆಂಚಯ್ಯನ ಕೈಗಿತ್ತು, "ಹೆಸರು ನಂಗೂ ಗೊತ್ತಿಲ್ಲ ಕಣಪ್ಪ. ಈ ಕಡೆ ಬದುಕಲ್ಲ ಅಂತಾರೆ. ನೀನು ನೋಡ್ಕೋ," ಅಂದು ಹೊರಟರು.

ಹೆಸರಿಲ್ಲದ ಗಿಡ ಅಂದರೆ ಊರಿಗೆಲ್ಲ ಬಾಯಿಚಪಲ. ಸಣ್ಣ ಸಣ್ಣ ಎಲೆ, ಎಲೆಯ ಮೇಲೆ ಮೈಗಂಟಿದ ಕೂದಲು, ಗಟ್ಟಿ ಕಡ್ಡಿ. ಬಂಗಲೆಯ ಅಡುಗೆಯ ರಾಮಣ್ಣ ಚನ್ನರಾಯಪಟ್ಟಣದ ಬ್ರಾಹ್ಮಣ, ಬಾಯಿ ತುಂಬ ಎಲೆಯಡಿಕೆ. ಅವನು ಕಣಗಿಲೆ ಅಂದ. ಈಶ್ವರಯ್ಯನವರು ಬೇಲಿ ಗಿಡ ಅಂದರು. ನಾನು ಕನ್ನಡಕ ಏರಿಸಿಕೊಂಡು ಹೋಗಿ ನೋಡಿ, ಸ್ವಲ್ಪವೂ ಗೊತ್ತಾಗದೆ, ಗೊತ್ತಾದವಳ ಹಾಗೆ "ಹೂಂ" ಅಂದು ಬಂದೆ.

ಗಿಡ ಸಾಯಲೂ ಇಲ್ಲ, ಏಳಲೂ ಇಲ್ಲ. ಎರಡು ವರ್ಷ ಹೂವಿನ ಸುದ್ದಿಯೇ ಇಲ್ಲ. ನರಗಳು ಮಾತ್ರ ಹಸಿರಾಗಿ ಉಳಿದು ಎಲೆ ಅರಿಶಿಣಕ್ಕೆ ತಿರುಗಿತ್ತು. ೧೯೬೨ರ ಬೇಸಿಗೆಯಲ್ಲಿ ಕೆಂಚಯ್ಯ ಶಾಲೆಗೇ ಬಂದು ಕೇಳಿದ: "ಅವ್ವಾರೇ, ನೀವು ಓದಿರೋರು. ಇದಕ್ಕೊಂದು ಮದ್ದು ಏಳಿ."

ಹೇಳಿದೆ. ಹೇಳದೇ ಇರುವವಳೇ ನಾನು? ಮಣ್ಣು ಹುಳಿಯಾಗಿದ್ದರೆ ಸುಣ್ಣ ಬೆರೆಸಬೇಕು ಅಂತ ಎಲ್ಲೋ ಓದಿದ್ದೆ. ಮಣ್ಣನ್ನು ಮುಟ್ಟಿಯೂ ನೋಡದೆ, "ಒಂದು ಹಿಡಿ ಅರಳಿದ ಸುಣ್ಣ ಹಾಕು, ಹದಿನೈದು ದಿನದಲ್ಲಿ ನೋಡು" ಅಂದುಬಿಟ್ಟೆ.

ಹದಿನೈದು ದಿನ ಬಿಟ್ಟು ನೋಡಿದೆ. ಮುಕ್ಕಾಲು ಎಲೆ ಉದುರಿಹೋಗಿ ಬರೀ ಕಡ್ಡಿ ನಿಂತಿತ್ತು. ಕೆಂಚಯ್ಯ ಬೈಯಲಿಲ್ಲ. "ನಿಮ್ಮ ಮದ್ದು ಗಿಡಕ್ಕೆ ಒಸಿ ಕಾರವಾಯ್ತು ಅಂತ ಕಾಣ್ತದೆ ಕಣವ್ವ," ಅಂದ ಅಷ್ಟೆ. ಬೈದಿದ್ದರೆ ತಿರುಗಿ ನಾಲ್ಕು ಬೈದು ಹಗುರವಾಗುತ್ತಿದ್ದೆ. ಆ ಮೆತ್ತನೆಯ ಮಾತು ಇವತ್ತಿಗೂ ಚುಚ್ಚುತ್ತದೆ.

ಅವನು ಗಿಡವನ್ನು ಕಿತ್ತು, ಬೇರು ತೊಳೆದು, ಬಣ್ಣ ಕಾಣದ ಹೊಸ ಕುಂಡಕ್ಕೆ ಹಾಕಿದ. ಸಕಲೇಶಪುರದ ಕಡೆಯಿಂದ ಮರ ತರುವ ಲಾರಿಯವನನ್ನು ಕಾಡಿ ಬೇಡಿ ಕಾಡಿನ ಕೊಳೆತ ಎಲೆಗೊಬ್ಬರ ಒಂದು ಚೀಲ ತರಿಸಿದ. ರಾಮಣ್ಣ ಡಿಕಾಕ್ಷನ್ ಇಳಿಸಿ ಎಸೆಯುವ ಕಾಫಿ ಚರಟವನ್ನು ದಿನಾ ಒಟ್ಟಿ ಬುಡಕ್ಕೆ ಹಾಕಿದ. ಗಿಡ ಜೀವ ಹಿಡಿಯಿತು. ಆದರೂ ಚಿಗುರಿದ ಎಲೆ ನಾಲ್ಕು ದಿನಕ್ಕೆ ಮತ್ತೆ ಹಳದಿ.

ಇಲ್ಲಿ ಬಾವಿಯ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಂಗಲೆಯ ಹಿತ್ತಿಲಲ್ಲಿ ಕಲ್ಲುಕಟ್ಟಿನ ಬಾವಿ, ರಾಟೆ, ಹಗ್ಗ ಎಲ್ಲ ಇತ್ತು. ತೋಟಕ್ಕೆ ನೀರು ಅಲ್ಲಿಂದಲೇ. ಆದರೆ ಹೊಲೆಯರ ಕೆಂಚಯ್ಯ ಹಗ್ಗ ಮುಟ್ಟುವಂತಿಲ್ಲ. ರಾಮಣ್ಣ ಸೇದಿ ಮೇಲಿನಿಂದ ಸುರಿಯಬೇಕು, ಇವನು ಕೆಳಗೆ ಡಬ್ಬ ಹಿಡಿದು ನಿಲ್ಲಬೇಕು. ಹತ್ತು ವರ್ಷ ಹೀಗೇ ನಡೆದಿತ್ತು. ನಾನೂ ಎಷ್ಟೋ ಸಲ ನೋಡಿದ್ದೆ. ಊರಲ್ಲಿ ಎಲ್ಲರ ಮೇಲೂ ರೇಗುತ್ತಿದ್ದ ಈ ಬಾಯಿ ಆ ಒಂದು ವಿಷಯಕ್ಕೆ ತೆರೆದಿರಲಿಲ್ಲ. ಮಾದಮ್ಮನಂತೂ ಆ ನೀರು ಕುಡಿಯುತ್ತಲೇ ಇರಲಿಲ್ಲ. "ಬಗ್ಗಿ ಬೊಗಸೆ ಒಡ್ಡಿ ಕುಡಿಯಾಕೆ ನಂಗೇನು ಬಂದೈತೆ?" ಅಂತ ಮಧ್ಯಾಹ್ನದ ಮುದ್ದೆ ಉಂಡು ಹೊಳೆಗೇ ನಡೆದುಹೋಗಿ ಕುಡಿದು ಬರುತ್ತಿದ್ದಳು.

ಆ ಶ್ರಾವಣದಲ್ಲಿ ರಾಮಣ್ಣ ತಂಗಿಯ ಮದುವೆಗೆಂದು ಮೂರು ವಾರ ಚನ್ನರಾಯಪಟ್ಟಣಕ್ಕೆ ಹೋದ. ಹೋಗುವಾಗ ಹಗ್ಗ, ಬಿಂದಿಗೆ ಅಡುಗೆಮನೆಯಲ್ಲಿಟ್ಟು ಬೀಗ ಹಾಕಿದ. ಮಳೆಯೋ ಕೈಕೊಟ್ಟಿತ್ತು. ಕೆಂಚಯ್ಯ ಎರಡು ಸೀಮೆಎಣ್ಣೆ ಡಬ್ಬವನ್ನು ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ಹೇಮಾವತಿ ಹೊಳೆಯಿಂದ ನೀರು ತಂದ. ಮೂರನೆಯ ವಾರಕ್ಕೆ ಗಿಡ ಹಸಿರಾಯಿತು. ಗಿಳಿ ಹಸಿರು! ರಾಮಣ್ಣ ವಾಪಸು ಬಂದ, ಬಾವಿ ನೀರು ಸುರಿದ. ಎಂಟು ದಿನಕ್ಕೆ ಹಳದಿ ಮರಳಿ ಬಂತು.

ಕೆಂಚಯ್ಯ ಅಂಗೈಯಲ್ಲಿ ಏನನ್ನೋ ಮುಚ್ಚಿಕೊಂಡು ನನ್ನ ಮನೆ ಬಾಗಿಲಿಗೆ ಬಂದ. ರಾಮಣ್ಣ ಬಚ್ಚಲ ಹಂಡೆ ಕೆರೆದು ಹಿತ್ತಿಲಿಗೆ ಎಸೆದಿದ್ದ ಬಿಳಿ ಚಕ್ಕೆಗಳು.

"ಇದೇನು ಏಳಿ ಅವ್ವಾರೇ?"

"ನೀರು ಕಾದು ಕಾದು ಹಂಡೆಗೆ ಕಟ್ಟಿದ ಸುಣ್ಣ."

"ಅಂಗಾರೆ ಆ ಬಾವಿ ನೀರಲ್ಲೇ ಸುಣ್ಣ ಐತೆ. ಈಸ್ವರಯ್ಯೋರು ಕುಂಡಕ್ಕೆ ಬಳಿಸಾದೂ ಸುಣ್ಣ. ನೀವು..." ಅಂದವನು ಮುಂದಿನ ಮಾತು ನುಂಗಿಕೊಂಡ.

"ನಾನು ಹಾಕಿಸಿದ್ದೂ ಸುಣ್ಣ, ಹೇಳು ಪರವಾಗಿಲ್ಲ," ಅಂದೆ.

"ಊಂ. ಇದಕ್ಕೆ ಸುಣ್ಣ ಅಂದ್ರೆ ಇಸ ಕಣವ್ವ. ನಾವೆಲ್ಲ ಸೇರ್ಕೊಂಡು ಇಸ ಉಣಿಸ್ತಿದ್ದೋ."

ಆ ರಾತ್ರಿಯೇ ದೀಪ ಹಚ್ಚಿಕೊಂಡು ಕೂತೆ. ಮೈಸೂರಿನ ನನ್ನ ಅಧ್ಯಾಪಕರಿಗೆ ನಾಲ್ಕು ಪುಟ ಕಾಗದ ಬರೆದು, ಒಣಗಿಸಿದ ಎರಡು ಎಲೆ ಇಟ್ಟು ಕಳಿಸಿದೆ. ಉತ್ತರ ಬಂತು. 'ಬರೀ ಎಲೆ ನೋಡಿ ಖಚಿತವಾಗಿ ಹೇಳಲಾರೆ. ಅಜೇಲಿಯ ಇರಬೇಕು, ಇಲ್ಲವೆ ಅದರ ದಾಯಾದಿ ರೋಡೊಡೆಂಡ್ರಾನ್. ಎರಡೂ ಗುಡ್ಡದ ಹುಳಿ ಮಣ್ಣಿನಲ್ಲಿ ಬೆಳೆಯುವ ಪೊದೆಗಳು. ಹೂ ಬಿಟ್ಟಾಗ ಕೇಸರ ಎಣಿಸು. ಐದಿದ್ದರೆ ಸಾಮಾನ್ಯವಾಗಿ ಅಜೇಲಿಯ, ಹತ್ತಿದ್ದರೆ ಇನ್ನೊಂದು. ಒಂದು ಎಚ್ಚರ, ಈ ಮನೆತನಕ್ಕೆ ಸುಣ್ಣ ತೋರಿಸಬೇಡ.' ಓದಿ ಹೇಳಿದೆ. ಕೆಂಚಯ್ಯ ಕಾಗದವನ್ನೇ ಕಣ್ಣಿಗೊತ್ತಿಕೊಂಡ. "ಅಯ್ದು ಮೀಸೆ ಇದ್ರೆ ಅಜೇಲಿಯ, ಅತ್ತು ಮೀಸೆ ಇದ್ರೆ ಅವರಣ್ಣ," ಅಂತ ಬಾಯಿಪಾಠ ಮಾಡಿಕೊಂಡ.

ಅಂದಿನಿಂದ ಆ ಒಂದು ಕುಂಡಕ್ಕೆ ಹೊಳೆ ನೀರು, ಪೂರ್ವದ ಜಗಲಿಯ ನೆರಳು, ಕಾಫಿ ಚರಟ. ಸುಣ್ಣ ಬಳಿಯುವ ದಿನ ಬಂದರೆ ಕುಂಡ ಮಾಯ, ಹಿತ್ತಿಲ ಸೌದೆಯ ಹಿಂದೆ ಅಡಗಿ ಕೂರುತ್ತಿತ್ತು. ೧೯೬೩ರ ಫೆಬ್ರವರಿಯಲ್ಲಿ ರೆಂಬೆಯ ತುದಿಗಳೆಲ್ಲ ಉಬ್ಬಿಕೊಂಡು ಮೊಗ್ಗು ಕಾಣಿಸಿತು. ಅವು ಬಿರಿಯಲು ಬಂದ ವಾರವೇ ಹಾಸನದ ದೊಡ್ಡ ಎಂಜಿನಿಯರ ತನಿಖೆ. ದಿನಗೂಲಿಗಳನ್ನು ಖಾಯಂ ಮಾಡುವ ಕಾಗದಗಳಿಗೆ ಅಂದೇ ರುಜು ಅಂತ ಸುದ್ದಿ.

ತನಿಖೆಯ ಹಿಂದಿನ ಸಂಜೆ ಈಶ್ವರಯ್ಯನವರು ಕುಂಡ ಎಣಿಸಿದರು. ಮೂವತ್ತೊಂದು. ಹುಡುಕಿದಾಗ ಸೌದೆಯ ಹಿಂದೆ ಕಳ್ಳ ಸಿಕ್ಕಿತು, ಗಿಡದ ತುಂಬ ಬಿರಿಯುವ ಮೊಗ್ಗು, ಕುಂಡ ಮಾತ್ರ ಬೋಳು ಬೋಳಾಗಿ, ಬಣ್ಣವಿಲ್ಲದೆ.

"ಲೋ ಕೆಂಚ, ಇದಕ್ಕೆ ಯಾಕೋ ಸುಣ್ಣ ಇಲ್ಲ?"

"ಒಂದು ಕುಂಡ ಬಿಟ್ಬುಡಿ ಸಾ. ಸುಣ್ಣ ತಾಕುದ್ರೆ ಮೊಗ್ಗು ಉದ್ರೋಯ್ತದೆ."

"ಸುಣ್ಣ ಬಳಿದು ಸಾಲಲ್ಲಿಡು, ಇಲ್ಲಾ ಗಿಡ ಕಿತ್ತು ಬಿಸಾಕು. ಎರಡೂ ಆಗಲ್ಲ ಅಂದ್ರೆ ನಾಳೆ ನಿನ್ನ ಕಾಗದ ಸಾಹೇಬರ ಮುಂದೆ ಇಡೋದೇ ಇಲ್ಲ, ತಿಳ್ಕೋ!" ಅಂದು ಸೈಕಲ್ಲು ಹತ್ತಿದರು.

ಮಾರನೆಯ ದಿನ ಸ್ವಾಗತದ ಹಾಡಿಗೆ ನನ್ನ ಆರು ಹುಡುಗಿಯರು ಬರಬೇಕಿತ್ತು. ಜಾಗ ನೋಡಲು ಹೋಗಿದ್ದ ನಾನು ಇದೆಲ್ಲ ಕೇಳಿದೆ. "ಬಳಿದುಬಿಡು ಕೆಂಚಯ್ಯ, ಆಮೇಲೆ ಬೇರೆ ಕುಂಡಕ್ಕೆ ಹಾಕಿದರಾಯ್ತು," ಅಂದೆ. ಹೆದರಿಕೆಯಿಂದಲೇ ಅಂದೆ. ಹನ್ನೊಂದು ವರ್ಷದ ಆಸೆ, ಒಂದು ಗಿಡಕ್ಕೆ ಹೋಗುವುದೆಂದರೇನು? ಅವನು ಸುಣ್ಣದ ಬಕೆಟ್ಟಿಗೆ ಕೈ ಹಾಕಿ, ಕುಂಚ ಹಿಡಿದು, ಕುಂಡದ ಎದುರು ಕುಕ್ಕರುಗಾಲಿನಲ್ಲಿ ಕುಳಿತ. ಕೈ ಏಳಲಿಲ್ಲ.

ಮಾದಮ್ಮ ಬಂದು ಕುಂಚ ಕಿತ್ತುಕೊಂಡಳು. "ಅಲ್ಲಾ, ಅನ್ನೊಂದು ವರ್ಸದಿಂದ ಅವರ ಕಾಗದ ನೋಡ್ಕಂಡು ಬಂದಿದ್ದೀವಲ್ಲ, ಅದು ಒಂದು ಮೊಗ್ಗು ಬುಟ್ಟೈತಾ? ಇದು ಬುಟ್ಟೈತೆ. ಮಡಗು ಅಂಗೇ!"

ಕುಂಡ ಅಂಗೇ ಇತ್ತು. ಬೆಳಿಗ್ಗೆ ನಾನು ಹುಡುಗಿಯರನ್ನು ಕರೆದುಕೊಂಡು ಹೋದಾಗ ಮೂವತ್ತೊಂದು ಕುಂಡ ಕೆಂಪು ಬಿಳಿ ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಬರಿ ಮಣ್ಣಿನ ಕುಂಡ, ಅದರ ತುಂಬ ರಾತ್ರಿ ಬಿರಿದ ಹೂ. ಎಲೆಯೇ ಕಾಣದಷ್ಟು ಹೂ! ಎಳೆಗೆಂಪು ಬಣ್ಣದ, ಗೊಂಚಲು ಗೊಂಚಲು. ನಾನು ಹಾಡು ಶುರುಮಾಡಿಸುವುದನ್ನೇ ಮರೆತೆ. ಈಶ್ವರಯ್ಯನವರ ಮುಖ ಮಾತ್ರ ಹಿಂಡಿದ ನಿಂಬೆಹಣ್ಣು.

ದೊಡ್ಡ ಎಂಜಿನಿಯರು ವಯಸ್ಸಾದವರು, ದಪ್ಪ ಕನ್ನಡಕ. ಬಣ್ಣದ ಕುಂಡಗಳ ಮುಂದೆ ಗೋಡೆ ಪಕ್ಕ ನಡೆದ ಹಾಗೆ ನಡೆದು ಬಂದು ಕೊನೆಯದರ ಮುಂದೆ ಗಕ್ಕನೆ ನಿಂತರು.

"ಅರೆ! ರೋಡೊಡೆಂಡ್ರಾನ್! ನೀಲಗಿರಿಯಲ್ಲಿದ್ದಾಗ ನೋಡಿದ್ದೆ."

"ಅಲ್ಲ ಸಾ," ಅಂದ ಕೆಂಚಯ್ಯ.

ಅಲ್ಲಿದ್ದ ಗುಮಾಸ್ತರು ಕಾಗದದ ಕಡೆ ನೋಡಿದರು. ರಾಮಣ್ಣ ಎಲೆಯಡಿಕೆ ನುಂಗಿಕೊಂಡ. ಈಶ್ವರಯ್ಯನವರು "ಬಾಯ್ಮುಚ್ಚೋ!" ಅಂದರು.

"ಅಲ್ಲವೆ? ಮತ್ತೇನು?"

"ಮೀಸೆ ಎಣಿಸಿ ಸಾ. ಅತ್ತು ಇದ್ರೆ ನೀವು ಏಳಿದ್ದು. ಅಯ್ದೇ ಇರಾದು. ಇದು ಅಜೇಲಿಯ."

ಸಾಹೇಬರು ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಬೆರಳಿಟ್ಟು ಎಣಿಸಿದರು. ಇನ್ನೊಂದು ಹೂವನ್ನೂ ಎಣಿಸಿದರು. ನೆಟ್ಟಗಾಗಿ ನಕ್ಕುಬಿಟ್ಟರು. "ಐದೇ ಕಣಯ್ಯ! ಯಾರು ಹೇಳಿಕೊಟ್ಟರು ನಿನಗೆ?"

"ಟೀಚರಮ್ಮೋರು ಸಾ. ಕಿಟಕೀಲಿ ನಿಂತು ಕಲ್ತೆ."

ಸುಣ್ಣದ ಮಾತು ಅವನು ಎತ್ತಲಿಲ್ಲ.

"ಈ ಕುಂಡಕ್ಕೆ ಬಣ್ಣ ಯಾಕಿಲ್ಲ?"

"ಸುಣ್ಣ ಆಗಿಬರಾಕಿಲ್ಲ ಸಾ ಇದಕ್ಕೆ. ಬಾವಿ ನೀರೂ ಆಗಾಕಿಲ್ಲ, ಅದ್ರಲ್ಲೂ ಸುಣ್ಣ ಐತೆ. ಒಳೆಯಿಂದ ಒತ್ತು ತತ್ತೀನಿ."

"ಬಾವಿ ನೀರಲ್ಲಿ ಸುಣ್ಣ ಅಂತ ಹೇಗೆ ಗೊತ್ತಾಯ್ತು?"

"ರಾಮಣ್ಣೋರು ಊರಿಗೋಗಿದ್ರು ಸಾ. ಬಾವಿ ಅಗ್ಗ ನಾವು ಮುಟ್ಟಂಗಿಲ್ಲವಲ್ಲ, ಅದಕ್ಕೆ ಮೂರು ವಾರ ಒಳೆ ನೀರು ತಂದೆ. ಆಗ ಅಸಿರಾಯ್ತು. ಮುಟ್ಟಂಗಿಲ್ಲದ್ದು ಒಳ್ಳೇದೇ ಆಯ್ತು ಬುಡಿ, ಮುಟ್ಟಂಗಿದ್ರೆ ಗಿಡ ಸತ್ತೋಗಿರಾದು."

ಅವನು ಅದನ್ನು ದೂರು ಅಂತ ಹೇಳಲಿಲ್ಲ. ನಿಜವಾಗಿಯೂ ಸಂತೋಷದಿಂದ ಹೇಳಿದ. ಸಾಹೇಬರ ನಗು ನಿಂತುಹೋಯಿತು. ಬಾವಿಯ ಕಡೆ ನೋಡಿದರು, ರಾಮಣ್ಣನ ಕಡೆ ನೋಡಿದರು, ಈಶ್ವರಯ್ಯನವರ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಇವನ ಕಾಗದ ಎಲ್ಲಿ?" ಅಂತಷ್ಟೇ ಕೇಳಿ ಒಳಗೆ ಹೋದರು. ಈಶ್ವರಯ್ಯನವರು ಮೇಜಿನ ಖಾನೆಗೆ ಓಡಿದ ಓಟವನ್ನು ನನ್ನ ಹುಡುಗಿಯರು ಒಂದು ತಿಂಗಳು ನಟಿಸಿ ತೋರಿಸಿದರು.

ಏಪ್ರಿಲ್‌ನಲ್ಲಿ ಹುಕುಂ ಬಂತು. ಕೆಂಚಯ್ಯ, ಮಾದಮ್ಮ ಇಬ್ಬರೂ ನನ್ನ ಮನೆಗೆ ಓದಿಸಲು ತಂದರು. ಜಗಲಿಯಲ್ಲೇ ನಿಲ್ಲಲು ಹೊರಟವರನ್ನು ಒಳಗೆ ಕರೆದು ಕೂರಿಸಿದೆ. ನಾಲ್ಕು ವರ್ಷ ಮೊದಲೇ ಕರೆಯಬೇಕಿತ್ತು. ಹುಕುಮಿನಲ್ಲಿ ಹೆಸರು, ಹುದ್ದೆ, ಕೋಟು, ಶೆಡ್ಡು, ಎಲ್ಲ ಟೈಪು ಮಾಡಿತ್ತು. ಕೊನೆಯಲ್ಲಿ ಶಾಯಿಯಲ್ಲಿ, ಸಾಹೇಬರ ಕೈಬರಹದಲ್ಲಿ ಒಂದು ಸಾಲು ಸೇರಿತ್ತು. ಗಟ್ಟಿಯಾಗಿ ಓದಿದೆ: 'ಸದರಿ ಮಾಲಿಯು ಬಂಗಲೆಯ ಬಾವಿಯಿಂದ ಖುದ್ದಾಗಿ ನೀರು ಸೇದಿ ತೋಟಕ್ಕೆ ಹಾಕತಕ್ಕದ್ದು.'

"ಇನ್ನೊಂದು ದಪ ಓದಿ," ಅಂದಳು ಮಾದಮ್ಮ. ಓದಿದೆ.

ಮೂವರೂ ಬಂಗಲೆಗೆ ಹೋದೆವು. ರಾಮಣ್ಣನಿಗೆ ಸುದ್ದಿ ಮುಟ್ಟಿತ್ತು. ಬಾವಿಯ ಕಟ್ಟೆಯ ಮೇಲೆ ನಿಂತು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ನನ್ನ ಬಾಯಿ ಈ ಸಲ ತೆರೆಯಲು ಸಿದ್ಧವಾಗಿಯೇ ಇತ್ತು. ಬೇಕಾಗಲಿಲ್ಲ. ಅವನು ಕೆಂಚಯ್ಯನ ಮುಖ ನೋಡದೆ, "ರಾಟೆ ಸ್ವಲ್ಪ ಬಿಗಿ ಇದೆ, ನೋಡ್ಕೊಂಡು ಎಳಿ," ಅಂದು ಹಗ್ಗವನ್ನು ಕಟ್ಟೆಯ ಮೇಲಿಟ್ಟು ಕೆಳಗಿಳಿದ. ಕೆಂಚಯ್ಯ ಹಗ್ಗ ಹಿಡಿಯಲು ಹಿಂದೆ ಮುಂದೆ ನೋಡಿದ. ಮಾದಮ್ಮ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು, ಬಿಂದಿಗೆ ಬಿಟ್ಟಳು, ಸರಸರನೆ ಸೇದಿದಳು. ತಾನೇ ಎತ್ತಿದ ಬಿಂದಿಗೆಯನ್ನು ತಾನೇ ಬಾಯಿಗೆ ಹಿಡಿದು, ತಲೆಯೆತ್ತಿ, ಗಟಗಟನೆ ಕುಡಿದಳು.

ಕುಡಿದವಳ ಮುಖ ಕಿವುಚಿಕೊಂಡಿತು.

"ಥೂ! ಬರೀ ಸವುಳು! ಈ ನೀರಿಗಾ ನೀವು ಅನ್ನೊಂದು ವರ್ಸ ಕಾವಲು ಕಾದಿದ್ದು ರಾಮಣ್ಣೋರೇ?"

ಮೊದಲು ನಕ್ಕವನು ಕೆಂಚಯ್ಯ. ಆಮೇಲೆ ನಾನು. ರಾಮಣ್ಣ ತಡೆದುಕೊಂಡು ನೋಡಿದ, ಆಗಲಿಲ್ಲ, ಅವನೂ ಎಲೆಯಡಿಕೆಯ ಬಾಯಿ ಮುಚ್ಚಿಕೊಂಡು ನಕ್ಕ. ಮಿಕ್ಕ ನೀರನ್ನು ಮಾದಮ್ಮ ದಾಸವಾಳದ ಬುಡಕ್ಕೆ ಸುರಿದಳು. ಅಂದು ಸಂಜೆಯೂ ಕೆಂಚಯ್ಯ ಅಡ್ಡೆ ಹೊತ್ತು ಹೊಳೆಗೆ ಹೋದ. ಅಜೇಲಿಯಕ್ಕೆ ಒಂದು ಡಬ್ಬ, ಹೆಂಡತಿಗೆ ಕುಡಿಯಲು ಒಂದು ಡಬ್ಬ.